ಹೆಡ್ ಒಂದೇ, ಡಬ್ಬ ಬೇರೆ ಬೇರೆ

ಎಲೆಕ್ಟ್ರಿಕ್ ಶೇವರ್ ಕೊಳ್ಳುವವರಿಗೆ ಕಂಪನಿ ಆರಿಸುವುದು ಅಷ್ಟೇನೂ ಕಷ್ಟವಲ್ಲ. ಫಿಲಿಪ್ಸ್, ಬ್ರೌನ್, ಪ್ಯಾನಸೋನಿಕ್, ಹೆಚ್ಚಿನವರು ಈ ಮೂರರಲ್ಲೇ ಒಂದಕ್ಕೆ ಬಂದು ನಿಲ್ಲುತ್ತಾರೆ. ಪೀಕಲಾಟ ಶುರುವಾಗುವುದೇ ಆಮೇಲೆ. ಅದೇ ಕಂಪನಿ, ಅದೇ ಸೀರೀಸ್, ಅದೇ ಆಕಾರ. ಆದರೆ ಮಾಡೆಲ್ ಆರೇಳು. ಒಂದರ ಹೆಸರಿನ ಕೊನೆಗೆ ಎರಡು ಅಕ್ಷರ ಜಾಸ್ತಿ, ಇನ್ನೊಂದರಲ್ಲಿ ಒಂದು ಅಂಕಿ ಬೇರೆ. ಬೆಲೆ ನೋಡಿದರೆ ಕೆಲವೊಮ್ಮೆ ಒಂದಕ್ಕೊಂದು ದುಪ್ಪಟ್ಟು. ಹೋಲಿಕೆ ಪಟ್ಟಿ ತೆಗೆದರೆ ಎಲ್ಲದರ ಮುಂದೆಯೂ ಹಸಿರು ಟಿಕ್ ಗುರುತು. ತಲೆ ಕೆಟ್ಟು ಕೊನೆಗೆ ನಡುವಿನದ್ದನ್ನು ತಗೊಂಡು ಬರುವವರೇ ಜಾಸ್ತಿ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಮಾಡೆಲ್ ಹೆಸರು ಬಿಡಿ, ಬದಲಿ ಹೆಡ್‌ನ ಕೋಡ್ ನೋಡಿ. ಎರಡು ಶೇವರ್‌ಗಳಿಗೂ ಅದೇ ಹೆಡ್ ಹಾಕುವುದಾದರೆ, ಗಡ್ಡಕ್ಕೆ ತಾಗುವ ಭಾಗ ಎರಡರಲ್ಲೂ ಒಂದೇ ಎಂದರ್ಥ. ಉಳಿದದ್ದು ಹಿಡಿಕೆ, ಬಣ್ಣ, ಬೆಳಕು, ಜೊತೆಗೆ ಕೊಡುವ ಸಾಮಾನು.

ಉದಾಹರಣೆಗೆ ಫಿಲಿಪ್ಸ್ ತಗೊಳ್ಳಿ. ಅವರ ಹೊಸ 5000 ಸೀರೀಸ್ ಮತ್ತು 7000 ಸೀರೀಸ್‌ನ ಹಲವು ಶೇವರ್‌ಗಳಿಗೆ ಎಸ್‌ಎಚ್71 ಎಂಬ ಒಂದೇ ಹೆಡ್ ಹೊಂದುತ್ತದೆ. ಆದರೆ ಹಳೆಯ 5000 ಸೀರೀಸ್‌ಗೆ ಬೇಕಿದ್ದದ್ದು ಎಸ್‌ಎಚ್50. ಗಮನಿಸಿದಿರಾ? ಸೀರೀಸ್ ಬೇರೆ ಇದ್ದರೂ ಹೆಡ್ ಒಂದೇ ಇರಬಹುದು, ಸೀರೀಸ್ ಒಂದೇ ಇದ್ದರೂ ಹೆಡ್ ಬೇರೆ ಇರಬಹುದು. ಬ್ರೌನ್‌ನಲ್ಲೂ ಹೀಗೇ. ಹಳೆಯ ಸೀರೀಸ್ 7ಕ್ಕೆ 70ಎಸ್ ಅಥವಾ 70ಬಿ ಕ್ಯಾಸೆಟ್ (ಬ್ರೌನ್ ತನ್ನ ಬದಲಿ ಹೆಡ್‌ಗೆ ಹೇಳುವ ಹೆಸರು), ಹೊಸ ಸೀರೀಸ್ 7ಕ್ಕೆ 73ಎಸ್. ಹೊರಗೆ ಬರೆದಿರುವುದು ಎರಡರಲ್ಲೂ '7'. ಅದಕ್ಕೇ ಡಬ್ಬದ ಮೇಲಿನ ದೊಡ್ಡ ಅಂಕಿಯನ್ನು ನಾನು ಪೂರ್ತಿ ನಂಬುವುದಿಲ್ಲ. ಕಂಪನಿಯ ಸೈಟ್‌ಗೆ ಹೋಗಿ, ಬಿಡಿಭಾಗಗಳ ಪುಟ ತೆಗೆದು, ನಿಮ್ಮ ಮಾಡೆಲ್‌ಗೆ ಯಾವ ಹೆಡ್ ಎಂದು ನೋಡಿ. ಎರಡು ನಿಮಿಷದ ಕೆಲಸ.

ಕೊನೆಯ ಅಕ್ಷರಗಳ ಕಥೆ ಇನ್ನೂ ಸುಲಭ. ಬ್ರೌನ್ ಮಾಡೆಲ್ ನಂಬರಿನ ಕೊನೆಗೆ 'ಸಿಸಿ' ಎಂದಿದ್ದರೆ ಜೊತೆಗೆ ಕ್ಲೀನಿಂಗ್ ಸ್ಟೇಷನ್, ಅಂದರೆ ಶೇವರನ್ನು ಇಟ್ಟರೆ ತಾನೇ ತೊಳೆಯುವ ಸಾಧನ, ಬರುತ್ತದೆ. ಬರೀ 'ಎಸ್' ಇದ್ದರೆ ಸಾಮಾನ್ಯವಾಗಿ ಬರುವುದಿಲ್ಲ. ಪ್ಯಾನಸೋನಿಕ್ ಆರ್ಕ್5 ಸಾಲಿನಲ್ಲಿ ಎಲ್‌ವಿ65 ಮತ್ತು ಎಲ್‌ವಿ95 ಎಂಬ ಎರಡು ಮಾಡೆಲ್‌ಗಳ ಬಗ್ಗೆ ವರ್ಷಗಟ್ಟಲೆ ಜನ ಚರ್ಚೆ ಮಾಡಿದ್ದಾರೆ. ಶೇವರ್ ಹೆಚ್ಚುಕಮ್ಮಿ ಅದೇ. ಎಲ್‌ವಿ95ಕ್ಕೆ ಸ್ಟೇಷನ್ ಇದೆ, ಎಲ್‌ವಿ65ಕ್ಕೆ ಇಲ್ಲ. ಅಷ್ಟಕ್ಕೇ ಅಷ್ಟು ಮಾತು! ಸಾಲದ್ದಕ್ಕೆ ದೇಶ ಬದಲಾದರೆ ಹೆಸರೂ ಬದಲಾಗುತ್ತದೆ. ಫಿಲಿಪ್ಸ್ ಶೇವರ್ ಅಮೆರಿಕದಲ್ಲಿ ಫಿಲಿಪ್ಸ್ ನೊರೆಲ್ಕೊ, ಪ್ಯಾನಸೋನಿಕ್ ಆರ್ಕ್ ಜಪಾನಿನಲ್ಲಿ ಲ್ಯಾಮ್‌ಡ್ಯಾಶ್. ಒಂದು ಕಡೆ ಓದಿದ ಮಾಡೆಲ್ ಇನ್ನೊಂದು ಕಡೆ ಸಿಗದಿದ್ದರೆ ಗಾಬರಿ ಬೇಡ, ಬೇರೆ ಹೆಸರಿನಲ್ಲಿ ಅಲ್ಲೇ ಇರಬಹುದು.

ಹಾಗಂತ ಹೆಡ್ ಒಂದೇ ಎಂದ ಕೂಡಲೇ ಶೇವರ್ ಕೂಡ ಒಂದೇ ಅಂತ ನಾನು ಹೇಳುತ್ತಿಲ್ಲ. ಮೋಟಾರ್ ಬೇರೆ ಇರಬಹುದು, ಬ್ಯಾಟರಿ ಬೇರೆ ಇರಬಹುದು. ಗಡ್ಡದ ದಟ್ಟಣೆ ನೋಡಿ ಶಕ್ತಿ ಏರಿಸುವ ಇಳಿಸುವ ಸೆನ್ಸರ್ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಗಟ್ಟಿ ಗಡ್ಡದವರಿಗೆ ಮೋಟಾರ್ ಮುಖ್ಯ. ದುರ್ಬಲ ಮೋಟಾರ್ ಇದ್ದರೆ ದಟ್ಟ ಕೂದಲಿನಲ್ಲಿ ವೇಗ ತಗ್ಗುತ್ತದೆ, ಕೂದಲು ಕತ್ತರಿಸುವ ಬದಲು ಎಳೆದ ಹಾಗಾಗುತ್ತದೆ. ಆ ಎಳೆತ ಒಮ್ಮೆ ಅನುಭವಿಸಿದವರು ಮತ್ತೆ ಅಗ್ಗದ ಶೇವರ್ ಕಡೆ ಮುಖ ಹಾಕುವುದಿಲ್ಲ. ತೆಳು ಗಡ್ಡದವರಿಗೆ ಈ ಚಿಂತೆ ಅಷ್ಟಾಗಿ ಇಲ್ಲ. ಅವರು ಧಾರಾಳವಾಗಿ ಕೆಳಗಿನ ಮಾಡೆಲ್‌ಗೆ ಹೋಗಬಹುದು.

ಜಾಹೀರಾತಿನ ದೊಡ್ಡ ದೊಡ್ಡ ಸಂಖ್ಯೆಗಳಿಗೆ ಮಾತ್ರ ಮರುಳಾಗಬೇಡಿ. ಪ್ಯಾನಸೋನಿಕ್ ಆರ್ಕ್5ರ ಮೋಟಾರ್ ನಿಮಿಷಕ್ಕೆ 14,000 ಸಲ ಅತ್ತಿತ್ತ ಓಡಾಡುತ್ತದೆ. ಬ್ಲೇಡ್ ಐದು. ಐದರಿಂದ ಗುಣಿಸಿ 70,000 ಎಂದು ಬರೆಯುತ್ತಾರೆ. ಸುಳ್ಳಲ್ಲ, ಆದರೆ ಅದು ಗುಣಾಕಾರ ಅಷ್ಟೇ. ಇನ್ನೊಂದು ಕಂಪನಿ ತಿರುಗುವ ಬ್ಲೇಡಿನ ಒಂದೊಂದು ಹಲ್ಲನ್ನೂ ಎಣಿಸಿ ಇನ್ನೂ ದೊಡ್ಡ ಸಂಖ್ಯೆ ಹಾಕುತ್ತದೆ. ಎಣಿಸುವ ಕ್ರಮವೇ ಬೇರೆ ಆದಾಗ ಹೋಲಿಸಿ ಏನು ಬಂತು? ಒಂದೇ ಕಂಪನಿಯ ಎರಡು ಮಾಡೆಲ್ ನಡುವೆ ಮಾತ್ರ ಈ ಅಂಕಿಗಳಿಗೆ ಸ್ವಲ್ಪ ಅರ್ಥ ಇದೆ.

ಇಷ್ಟೆಲ್ಲ ನೋಡುವುದಕ್ಕೂ ಮೊದಲು ಫಾಯಿಲ್ (ಜಾಲರಿಯ ಒಳಗೆ ಬ್ಲೇಡ್ ಅತ್ತಿತ್ತ ಓಡುವುದು) ಬೇಕಾ, ರೋಟರಿ (ದುಂಡು ಹೆಡ್‌ನಲ್ಲಿ ಬ್ಲೇಡ್ ತಿರುಗುವುದು) ಬೇಕಾ ಎಂದು ತೀರ್ಮಾನ ಆಗಿರಬೇಕು. ಎರಡೂ ಹಳೆಯ ದಾರಿಗಳೇ. ಅಮೆರಿಕದ ಜೇಕಬ್ ಶಿಕ್ ಅವರ ಎಲೆಕ್ಟ್ರಿಕ್ ಶೇವರ್ ಮಾರಾಟಕ್ಕೆ ಬಂದದ್ದು 1931ರಲ್ಲಿ. ತಿರುಗುವ ದುಂಡು ಹೆಡ್‌ನ ಶೇವರನ್ನು ಫಿಲಿಪ್ಸ್ 1939ರಲ್ಲಿ ತಂದಿತು, ಅದನ್ನು ರೂಪಿಸಿದವರು ಅಲೆಕ್ಸಾಂಡರ್ ಹೊರೊವಿಟ್ಸ್ ಎಂಬ ಎಂಜಿನಿಯರ್. ಇವತ್ತಿಗೂ ರೋಟರಿ ಎಂದರೆ ಮೊದಲು ನೆನಪಾಗುವುದು ಫಿಲಿಪ್ಸ್. ಬ್ರೌನ್, ಪ್ಯಾನಸೋನಿಕ್ ಎರಡೂ ಫಾಯಿಲ್ ಕಡೆಯವು.

ಫಾಯಿಲ್ ಎಂದರೆ ತೂತುಗಳಿರುವ ತೆಳ್ಳನೆಯ ಲೋಹದ ಜಾಲರಿ. ಕೂದಲು ತೂತಿನೊಳಗೆ ನುಗ್ಗುತ್ತದೆ, ಒಳಗಿನ ಬ್ಲೇಡ್ ಅತ್ತಿತ್ತ ಓಡಿ ಕತ್ತರಿಸುತ್ತದೆ. ಜಾಲರಿ ತೆಳ್ಳಗಿದ್ದಷ್ಟೂ ಬ್ಲೇಡ್ ಚರ್ಮಕ್ಕೆ ಹತ್ತಿರ, ಶೇವ್ ಅಷ್ಟೂ ನುಣುಪು. ದಿನಾ ಅಥವಾ ದಿನ ಬಿಟ್ಟು ದಿನ ಶೇವ್ ಮಾಡುವವರಿಗೆ, ಒಂದೇ ದಿಕ್ಕಿಗೆ ಬೆಳೆಯುವ ಗಡ್ಡಕ್ಕೆ ಇದು ಹೇಳಿ ಮಾಡಿಸಿದ್ದು. ಮೂರ್ನಾಲ್ಕು ದಿನ ಬಿಟ್ಟು ಮಾಡುವವರಿಗೆ, ಕತ್ತಿನ ಹತ್ತಿರ ಕೂದಲು ಚರ್ಮಕ್ಕೆ ಅಂಟಿಕೊಂಡು ಸುಳಿ ಸುಳಿಯಾಗಿ ಬೆಳೆಯುವವರಿಗೆ ರೋಟರಿ ಸಲೀಸು. ಉದ್ದ ಕೂದಲನ್ನು ಅದು ಸುಲಭವಾಗಿ ಒಳಗೆ ಎಳೆದುಕೊಳ್ಳುತ್ತದೆ. ಬಳಸುವ ಕೈಯೂ ಬೇರೆ. ಫಾಯಿಲನ್ನು ನೇರವಾಗಿ, ಕೂದಲು ಬೆಳೆಯುವ ದಿಕ್ಕಿಗೆ ಎದುರಾಗಿ ಒಯ್ಯಬೇಕು. ರೋಟರಿಯನ್ನು ಸಣ್ಣ ಸಣ್ಣ ವೃತ್ತದಲ್ಲಿ ತಿರುಗಿಸಬೇಕು. ಎರಡರಲ್ಲೂ ಇನ್ನೊಂದು ಕೈಯಿಂದ ಚರ್ಮ ಬಿಗಿ ಹಿಡಿಯಬೇಕು. ಒತ್ತಬಾರದು! ನುಣ್ಣಗೆ ಆಗಲಿಲ್ಲ ಎಂದು ಒತ್ತಿ ಒತ್ತಿ ಉಜ್ಜಿದರೆ ಸಿಗುವುದು ಉರಿ ಮಾತ್ರ.

ಗುಂಗುರು ಗಡ್ಡದವರಿಗೆ ಒಂದು ಮಾತು. ಕೂದಲು ಬಾಗಿ ಮತ್ತೆ ಚರ್ಮದೊಳಗೇ ನುಗ್ಗಿ ಗುಳ್ಳೆ ಏಳುವ ತೊಂದರೆ ಇದ್ದರೆ 'ಅತಿ ನುಣುಪು' ಎನ್ನುವ ಮಾಡೆಲ್ ಹಿಂದೆ ಓಡಬೇಡಿ. ಕೂದಲನ್ನು ಚೂರು ಉಳಿಸುವ ಶೇವರ್ ಅಥವಾ ಟ್ರಿಮ್ಮರ್ ನಿಮಗೆ ವಾಸಿ. ಕಂಪನಿಯವರಿಗೆ ನುಣುಪು ಎಂದರೆ ಹೆಚ್ಚುಗಾರಿಕೆ, ನಿಮ್ಮ ಕೆನ್ನೆಗೆ ಅದೇ ಕಾಟ.

ಈಗ ಮೇಲಿನ ಮಾಡೆಲ್‌ಗಳಿಗೆ ಬೆಲೆ ಏರಿಸುವ ಆ ಕ್ಲೀನಿಂಗ್ ಸ್ಟೇಷನ್ ವಿಷಯ. ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ: ಹೆಚ್ಚಿನವರಿಗೆ ಬೇಡ. ಬ್ರೌನ್ ಸ್ಟೇಷನ್‌ನಲ್ಲಿ ಆಲ್ಕೋಹಾಲ್ ಬೆರೆತ ದ್ರಾವಣದ ಕಾರ್ಟ್ರಿಜ್ ಹಾಕಬೇಕು. ನೀವು ಬಳಸಿದರೂ ಬಳಸದಿದ್ದರೂ ಅದು ನಿಧಾನಕ್ಕೆ ಆವಿಯಾಗುತ್ತಲೇ ಇರುತ್ತದೆ. ಮುಗಿದ ಮೇಲೆ ಮತ್ತೆ ಕೊಳ್ಳಬೇಕು. ಅಂದರೆ ಒಂದು ಸಲದ ಖರ್ಚಲ್ಲ, ತಿಂಗಳು ತಿಂಗಳ ಬಾಬ್ತು. ಇದರ ಬದಲು ಹೆಡ್ ಮೇಲೆ ಒಂದು ತೊಟ್ಟು ಲಿಕ್ವಿಡ್ ಸೋಪ್ ಹಾಕಿ, ಶೇವರ್ ಆನ್ ಮಾಡಿ, ನಲ್ಲಿ ನೀರಿನ ಕೆಳಗೆ ಹಿಡಿದರೆ ಅರ್ಧ ನಿಮಿಷದಲ್ಲಿ ಕೆಲಸ ಆಯಿತು. ನೀರಿಗೆ ಹಿಡಿಯಬಹುದಾದ ಶೇವರ್ ಆಗಿರಬೇಕು, ಅದನ್ನು ಮೊದಲೇ ನೋಡಿಕೊಳ್ಳಿ. ಸೋಪು ಎಣ್ಣೆಯ ಅಂಶವನ್ನೂ ತೊಳೆದು ಹಾಕುತ್ತದೆ. ಹಾಗಾಗಿ ಫಾಯಿಲ್ ಶೇವರ್ ಒಣಗಿದ ಮೇಲೆ ಆಗಾಗ ಒಂದೊಂದು ಹನಿ ಶೇವರ್ ಎಣ್ಣೆ ಬಿಡಿ. ಈ ಒಂದು ಹನಿಯಿಂದ ಶಬ್ದವೂ ಬಿಸಿಯೂ ತಗ್ಗುತ್ತದೆ. ಬಹಳ ಜನ ಇದನ್ನು ಮಾಡುವುದೇ ಇಲ್ಲ, ಆಮೇಲೆ 'ಬ್ಲೇಡ್ ಮೊಂಡಾಯಿತು' ಅಂತ ದೂರುತ್ತಾರೆ.

ರೋಟರಿ ತೊಳೆಯುವವರು ಇನ್ನೊಂದು ವಿಷಯ ನೆನಪಿಡಬೇಕು. ಪ್ರತಿ ದುಂಡು ಜಾಲರಿಗೂ ಅದರದ್ದೇ ಬ್ಲೇಡ್ ಇರುತ್ತದೆ. ಬಳಸುತ್ತ ಬಳಸುತ್ತ ಎರಡೂ ಒಂದಕ್ಕೊಂದು ಹೊಂದಿಕೊಂಡು ಸವೆದಿರುತ್ತವೆ. ಬಿಚ್ಚಿ ತೊಳೆದು ಜೋಡಿ ಅದಲು ಬದಲು ಮಾಡಿದರೆ ಮತ್ತೆ ಸರಿಹೋಗಲು ಕೆಲವು ವಾರ ಬೇಕಾಗಬಹುದು. ಒಂದೊಂದಾಗಿ ಬಿಚ್ಚಿ, ತೊಳೆದು, ಅಲ್ಲೇ ಕೂರಿಸಿ.

ತೊಳೆಯುವ ಸೋಮಾರಿತನ ಇದ್ದವರಿಗೆ ಮಾತ್ರ ಸ್ಟೇಷನ್ ಉಪಯೋಗಕ್ಕೆ ಬರುತ್ತದೆ. ಅದು ತಪ್ಪಲ್ಲ ಬಿಡಿ, ಗಲೀಜು ಶೇವರ್ ಮುಖಕ್ಕೆ ಹಚ್ಚುವುದಕ್ಕಿಂತ ದುಡ್ಡು ಕೊಡುವುದೇ ಲೇಸು.

ಡಿಸ್‌ಪ್ಲೇ, ಬ್ಲೂಟೂತ್, ಆ್ಯಪ್? ಗಡ್ಡಕ್ಕೂ ಆ್ಯಪ್‌ಗೂ ಏನು ನಂಟೋ ನನಗಂತೂ ತಿಳಿಯದು. ಬ್ಯಾಟರಿ ಎಷ್ಟಿದೆ ಎಂದು ತೋರಿಸಲು ಒಂದು ಸಣ್ಣ ದೀಪ ಸಾಕು. ಟ್ರಾವೆಲ್ ಲಾಕ್ ಇದ್ದರೆ ಒಳ್ಳೆಯದು, ಬ್ಯಾಗಿನೊಳಗೆ ತಾನೇ ಆನ್ ಆಗಿ ಬ್ಯಾಟರಿ ಖಾಲಿ ಮಾಡಿಕೊಳ್ಳುವುದಿಲ್ಲ. ಬಟ್ಟೆ ಚೀಲಕ್ಕಿಂತ ಗಟ್ಟಿ ಕೇಸ್ ಕೊಡುವ ಮಾಡೆಲ್ ನನಗೆ ಇಷ್ಟ. ಫಾಯಿಲ್ ಅಷ್ಟು ತೆಳ್ಳಗಿರುವುದರಿಂದ ಒಂದು ಏಟಿಗೆ ತಗ್ಗು ಬೀಳುತ್ತದೆ, ಹರಿದರೆ ಚರ್ಮ ಕೊಯ್ಯುತ್ತದೆ.

ಮೀಸೆ ಇಟ್ಟವರು ಟ್ರಿಮ್ಮರ್ ಎಲ್ಲಿದೆ ನೋಡಿ. ಕೆಲವು ಮಾಡೆಲ್‌ಗಳಲ್ಲಿ ಹಿಂಬದಿಯಿಂದ ಮೇಲೆದ್ದು ಬರುತ್ತದೆ. ಕೆಲವದರಲ್ಲಿ ಹೆಡ್ ಕಳಚಿ ಬೇರೆ ಟ್ರಿಮ್ಮರ್ ಸಿಕ್ಕಿಸಬೇಕು. ದಿನಾ ಮೀಸೆ ಅಂಚು, ಕೆನ್ನೆಯ ಪಕ್ಕದ ಗೆರೆ ನೇರ ಮಾಡುವವರಿಗೆ ಈ ಕಳಚುವ ಸಿಕ್ಕಿಸುವ ಕೆಲಸ ವಾರದೊಳಗೆ ಬೇಸರ ತರಿಸುತ್ತದೆ. ನನ್ನ ಮಟ್ಟಿಗೆ ಇದು ಡಿಸ್‌ಪ್ಲೇಗಿಂತ ಎಷ್ಟೋ ದೊಡ್ಡ ವ್ಯತ್ಯಾಸ.

ಬ್ಯಾಟರಿಯಲ್ಲಿ ನೋಡಬೇಕಾದದ್ದು ಒಂದೇ: ಲಿಥಿಯಂ ಅಯಾನ್ ಹೌದೋ ಅಲ್ಲವೋ. ಅದಾದರೆ ಸುಮಾರು ಒಂದು ಗಂಟೆಯಲ್ಲಿ ಚಾರ್ಜ್ ಆಗುತ್ತದೆ, ಹಲವು ಮಾಡೆಲ್‌ಗಳಲ್ಲಿ ಐದು ನಿಮಿಷ ಚಾರ್ಜ್ ಮಾಡಿದರೆ ಒಂದು ಶೇವ್‌ಗೆ ಆಗುತ್ತದೆ. ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿಯ ಅಗ್ಗದ ಶೇವರ್‌ಗಳಿಗೆ ಎಂಟು ಗಂಟೆ ಬೇಕಾಗುವುದುಂಟು. ಒದ್ದೆ ಮುಖಕ್ಕೂ ಬಳಸುವ ಶೇವರ್‌ಗಳು ವೈರ್ ಚುಚ್ಚಿಕೊಂಡಿದ್ದಾಗ ಸಾಮಾನ್ಯವಾಗಿ ಓಡುವುದಿಲ್ಲ. ಶಾಕ್ ಹೊಡೆಯಬಾರದೆಂದು ಬೇಕೆಂದೇ ಹಾಗೆ ಮಾಡಿರುತ್ತಾರೆ. ಕೆಟ್ಟಿದೆ ಎಂದು ವಾಪಸ್ ಕೊಡಲು ಹೋಗಬೇಡಿ.

ಹೊಸ ಶೇವರ್ ಬಂದ ಮೊದಲ ವಾರವೇ ತೀರ್ಪು ಕೊಡುವವರಿದ್ದಾರೆ. ಬ್ಲೇಡಿನಿಂದ ಶೇವರ್‌ಗೆ ಬಂದ ಚರ್ಮಕ್ಕೆ ಹೊಂದಿಕೊಳ್ಳಲು ಮೂರು ನಾಲ್ಕು ವಾರ ಬೇಕು ಎಂದು ಕಂಪನಿಗಳೇ ಹೇಳುತ್ತವೆ. ಆ ನಡುವೆ ಒಂದು ದಿನ ಬ್ಲೇಡ್, ಒಂದು ದಿನ ಶೇವರ್ ಎಂದು ಮಾಡಿದರೆ ಹೊಂದಿಕೆ ಇನ್ನೂ ತಡ.

ಮತ್ತೆ ಹೆಡ್ ವಿಷಯಕ್ಕೇ ಬರುತ್ತೇನೆ, ಏಕೆಂದರೆ ದುಡ್ಡು ಹೋಗುವುದು ಅಲ್ಲೇ. ಬ್ರೌನ್ 18 ತಿಂಗಳಿಗೊಮ್ಮೆ ಬದಲಿಸಿ ಎನ್ನುತ್ತದೆ, ಫಿಲಿಪ್ಸ್ 2 ವರ್ಷಕ್ಕೊಮ್ಮೆ. ಪ್ಯಾನಸೋನಿಕ್ ಹೊರಗಿನ ಜಾಲರಿಗೆ 1 ವರ್ಷ, ಒಳಗಿನ ಬ್ಲೇಡಿಗೆ 2 ವರ್ಷ ಎನ್ನುತ್ತದೆ. ಮೇಲಿನ ದರ್ಜೆಯ ಹೆಡ್‌ನ ಬೆಲೆ ಕೆಲವೊಮ್ಮೆ ಒಂದು ಸಾದಾ ಹೊಸ ಶೇವರ್‌ನಷ್ಟೇ ಇರುತ್ತದೆ. ಆದ್ದರಿಂದ ಶೇವರ್ ಬೆಲೆ ಕೇಳುವಾಗಲೇ ಹೆಡ್ ಬೆಲೆಯನ್ನೂ ಕೇಳಿ. ಅಸಲಿ ಹೆಡ್ ಸುಲಭವಾಗಿ ಸಿಗುತ್ತದಾ ನೋಡಿ. ನಕಲಿ ಹೆಡ್‌ಗಳು ಬೇಕಾದಷ್ಟಿವೆ, ಡಬ್ಬ ಥೇಟ್ ಅದೇ ಥರ, ಬೆಲೆ ಕಾಲು ಭಾಗ, ಶೇವ್ ಮಾತ್ರ ಮರಳು ಕಾಗದ. ಹೆಡ್ ಸಿಗದ ಶೇವರ್ ಎಷ್ಟೇ ರಿಯಾಯಿತಿಯಲ್ಲಿ ಬಂದರೂ ನಾನು ಮುಟ್ಟುವುದಿಲ್ಲ.

ಹೆಡ್ ಸಿಗುವಂತಿದ್ದರೆ ಹಳೆಯ ಮಾಡೆಲ್ ಕೊಳ್ಳಲು ಹಿಂಜರಿಕೆ ಬೇಡ. ಹೊಸದು ಬಂದಾಗ ಹಳೆಯದರ ಬೆಲೆ ಇಳಿಯುತ್ತದೆ, ಶೇವರ್ ಏನೂ ರಾತ್ರೋರಾತ್ರಿ ಕೆಡುವುದಿಲ್ಲ. ಬ್ರೌನ್‌ನ ಹೊಸ 94ಎಂ ಕ್ಯಾಸೆಟ್ ಹಳೆಯ ಸೀರೀಸ್ 9 ಶೇವರ್‌ಗಳಿಗೂ ಹೊಂದುತ್ತದೆ. ಅಂಥ ಕಡೆ ಹಳೆಯ ಹಿಡಿಕೆಗೆ ಹೊಸ ಹೆಡ್ ಹಾಕಿಕೊಂಡು, ಉಳಿದ ದುಡ್ಡಿನಲ್ಲಿ ಇನ್ನೊಂದು ಹೆಡ್ ತೆಗೆದಿಡಿ. ಎರಡು ಮಾಡೆಲ್ ನಡುವೆ ಸಿಕ್ಕಿಕೊಂಡು ಯಾವುದು ಕೊಳ್ಳಲಿ ಎಂದು ನನ್ನನ್ನು ಕೇಳುವುದಾದರೆ ದಯವಿಟ್ಟು ಎರಡರ ಹೆಡ್ ಕೋಡ್ ಕೂಡ ಬರೆಯಿರಿ. ಫೋಟೊ ಮಾತ್ರ ಕಳಿಸಿದರೆ ನನಗೂ ಎರಡೂ ಒಂದೇ ಥರ ಕಾಣುತ್ತವೆ.