ಒಣಗಿದ ಕಣ್ಣು, ಧಾರಾಕಾರ ನೀರು

ಅಪ್ರೈಸಲ್ ಮೀಟಿಂಗಿನಲ್ಲಿ ನಾನು ಅತ್ತುಬಿಟ್ಟೆ ಅಂತ ಆಫೀಸಿನಲ್ಲೆಲ್ಲ ಸುದ್ದಿ. ನಾನು ಅತ್ತಿರಲಿಲ್ಲ. ಏಸಿ ಗಾಳಿ ಸೀದಾ ಮುಖಕ್ಕೆ ಬಡಿಯುತ್ತಿತ್ತು, ಬೆಳಿಗ್ಗೆಯಿಂದ ಎಕ್ಸೆಲ್ ನೋಡಿ ನೋಡಿ ಕಣ್ಣೊಳಗೆ ಮರಳು ಸುರಿದ ಹಾಗಿತ್ತು, "ನಿಮ್ಮ ಕೆಲಸದಲ್ಲಿ ಇನ್ನೂ ಸ್ವಲ್ಪ..." ಅಂತ ಮ್ಯಾನೇಜರ್ ಬಾಯಿ ತೆಗೆಯುವುದಕ್ಕೂ ಎಡಗಣ್ಣಿಂದ ನೀರು ಬಳಬಳ ಇಳಿಯುವುದಕ್ಕೂ ಸರಿಹೋಯಿತು. ಪಾಪ, ಅವರು ಗಾಬರಿಯಾಗಿ ಟಿಶ್ಯೂ ಡಬ್ಬ ನನ್ನ ಕಡೆ ತಳ್ಳಿದರು. "ಅಯ್ಯೋ, ನಾನಿನ್ನೂ ಏನೂ ಹೇಳೇ ಇಲ್ವಲ್ಲ!" ಅಷ್ಟರಲ್ಲಿ ಬಲಗಣ್ಣೂ ಶುರು ಮಾಡಿತು.

ಮನೆಯಲ್ಲಿ ಅಮ್ಮ ನೋಡಿದ್ದೇ, "ದೃಷ್ಟಿ ಆಗಿದೆ ಕಣೋ" ಅಂದರು. ನನ್ನ ದೃಷ್ಟಿಯೇ ದಿನಕ್ಕೆ ಹತ್ತು ಗಂಟೆ ಕಂಪ್ಯೂಟರ್ ಮೇಲಿರುತ್ತದೆ, ಇನ್ನು ಬೇರೆಯವರದ್ದು ಯಾಕೆ? ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದರು. ದೃಷ್ಟಿ ಆಗಿದ್ದರೆ ಘಾಟು ಬರುವುದಿಲ್ಲವಂತೆ. ಬಂತು. ಪಕ್ಕದ ಫ್ಲ್ಯಾಟಿನವರೂ ಕೆಮ್ಮಿದರು. "ಹಾಗಾದ್ರೆ ದೃಷ್ಟಿ ಅಲ್ಲ, ಡಾಕ್ಟರಿಗೆ ತೋರ್ಸು" ಅಂತ ಅಮ್ಮನೇ ಕಳಿಸಿದರು.

ಡಾಕ್ಟರು "ನಿಮ್ಮ ಕಣ್ಣು ಒಣಗಿದೆ" ಅಂದಾಗ ನನಗೆ ನಗು. ದಿನಕ್ಕೆ ಎರಡು ಕರ್ಚೀಫು ಒದ್ದೆ ಮಾಡುವವನಿಗೆ ಹೇಳುವ ಮಾತೇ ಇದು? ಅವರು ಕೆಳರೆಪ್ಪೆಯೊಳಗೆ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸಿದರು. 10 ಮಿಲಿಮೀಟರಿಗಿಂತ ಜಾಸ್ತಿ ನೆನೆದರೆ ಪಾಸು. ಮೀಟಿಂಗಿನಲ್ಲಿ ಧಾರಾಳವಾಗಿ ಸುರಿದ ಕಣ್ಣು ಇಲ್ಲಿ ಜಿಪುಣತನ ಮಾಡಿ 6ಕ್ಕೆ ನಿಂತಿತು. ಪರೀಕ್ಷೆ ಅಂದ್ರೆ ಮೊದಲಿನಿಂದಲೂ ನಮ್ಮ ಮನೆತನಕ್ಕೇ ಆಗಿಬರಲ್ಲ.

ಕಣ್ಣೀರು ಬರೀ ನೀರಲ್ಲವಂತೆ. ಮೇಲೆ ತೆಳ್ಳಗೆ ಎಣ್ಣೆಯ ಪದರ ಇರಬೇಕು, ಇಲ್ಲದಿದ್ದರೆ ಬೇಗ ಆರಿಹೋಗುತ್ತದೆ. ಪ್ರತಿ ಸಲ ರೆಪ್ಪೆ ಬಡಿದಾಗ ಆ ಎಣ್ಣೆ ಹರಡುತ್ತದೆ. ನಾವೋ, ನಿಮಿಷಕ್ಕೆ ಹದಿನೈದು ಸಲ ಬಡಿಯುವ ರೆಪ್ಪೆಯನ್ನು ಸ್ಕ್ರೀನ್ ಮುಂದೆ ಕೂತರೆ ಅದರ ಅರ್ಧದಷ್ಟೂ ಬಡಿಯುವುದಿಲ್ಲ. ಕಣ್ಣು ಉರಿಯುತ್ತದೆ, ಉರಿದ ತಕ್ಷಣ ಒಂದೇ ಸಲಕ್ಕೆ ನೀರು ನುಗ್ಗುತ್ತದೆ. ಬೋರ್‌ವೆಲ್ ಬತ್ತಿದಾಗ ನಮ್ಮ ಬೀದಿಗೆ ಟ್ಯಾಂಕರ್ ಬರುತ್ತದಲ್ಲ, ಥೇಟ್ ಹಾಗೆ. ಸಂಪಿಗೆ ಬೀಳುವುದಕ್ಕಿಂತ ರಸ್ತೆಗೆ ಹರಿಯುವುದೇ ಜಾಸ್ತಿ.

ಡ್ರಾಪ್ಸ್ ಕೊಟ್ಟರು. ಮೊದಲ ವಾರ ಅದನ್ನು ಕುಡಿದದ್ದು ಹೆಚ್ಚಾಗಿ ನನ್ನ ಕಿವಿಗಳೇ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡ್ ನೋಡಿ, ಚೆನ್ನಾಗಿ ಕಣ್ಣು ಮಿಟುಕಿಸಿ ಅಂತಲೂ ಹೇಳಿದ್ದರು. ನನ್ನ ಸೀಟಿನಿಂದ ಇಪ್ಪತ್ತಡಿಗೆ ಸರಿಯಾಗಿ ಕೂರುವುದು ಎಚ್‌ಆರ್ ಮೇಡಂ. ಎರಡನೇ ದಿನವೇ ಸೀಟು ಬದಲಾಯಿಸಿಕೊಂಡೆ.

ಮ್ಯಾನೇಜರಿಗೂ ಎಲ್ಲ ಬಿಡಿಸಿ ಹೇಳಿ, ಬಾಟಲಿ ಕೂಡ ತೋರಿಸಿದೆ. ಮುಂದಿನ ತಿಂಗಳು ಇನ್‌ಕ್ರಿಮೆಂಟ್ ಪತ್ರ ಬಂತು. 3 ಪರ್ಸೆಂಟ್. ಅವತ್ತು ನಿಜವಾಗಿಯೂ ಕಣ್ಣು ತುಂಬಿ ಬಂತು. ಅವರು ನನ್ನ ಮುಖ ನೋಡಿ, ತುಂಬಾ ಕಾಳಜಿಯಿಂದ, "ಡ್ರಾಪ್ಸ್ ಹಾಕ್ಕೊಂಡ್ರಾ?" ಅಂದರು.