ಡಲ್ಲಾಸ್‌ನಲ್ಲಿರುವ ಹುಡುಗ ಡಲ್ಲಾಸ್‌ನಲ್ಲಿಲ್ಲ

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮುಗಿಸಿ, ಮನೆ ಅಡವಿಟ್ಟು ಪಡೆದ ಶಿಕ್ಷಣ ಸಾಲದ ಬಲದಿಂದ 2021ರ ಆಗಸ್ಟ್ 10ರಂದು ಎಂ.ಎಸ್. ಓದಲು ಡಲ್ಲಾಸ್ ತಲುಪಿದ ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ಮಗ ಎಲ್ಲಿದ್ದಾನೆ ಎಂದು ಅವನ ತಾಯಿಯನ್ನು ಕೇಳಿದರೆ ಅಮೆರಿಕದಲ್ಲಿ ಎನ್ನುತ್ತಾರೆ. ಕಾನೂನು ಓದದವರು ಹೀಗೆ ಅವಸರದ ತೀರ್ಮಾನಕ್ಕೆ ಬರುವುದು ಸಹಜ.

ನಮ್ಮ ಆದಾಯ ತೆರಿಗೆ ಕಾಯ್ದೆ ಇಂಥ ಅವಸರಕ್ಕೆ ಬೀಳುವುದಿಲ್ಲ. ಆರ್ಥಿಕ ವರ್ಷ ಏಪ್ರಿಲ್‌ನಲ್ಲಿ ಶುರುವಾಗುವುದರಿಂದ ವಿಮಾನ ಹತ್ತುವ ಹೊತ್ತಿಗೆ ಹುಡುಗ ಆ ವರ್ಷದ 130ಕ್ಕೂ ಹೆಚ್ಚು ದಿನಗಳನ್ನು ಊರಿನಲ್ಲೇ ಕಳೆದಿದ್ದ. ಆಗ ಅನ್ವಯಿಸುತ್ತಿದ್ದ 1961ರ ಕಾಯ್ದೆಯ 6ನೇ ಕಲಮಿನ ಪ್ರಕಾರ ವರ್ಷದಲ್ಲಿ 60 ದಿನ ಮತ್ತು ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದವನು ನಿವಾಸಿ. ಆ 60ನ್ನು 182ಕ್ಕೆ ಏರಿಸುವ ರಿಯಾಯಿತಿ ಉದ್ಯೋಗಕ್ಕಾಗಿ ಹೊರಟವನಿಗುಂಟು, ಹಡಗಿನ ಸಿಬ್ಬಂದಿಗೂ ಉಂಟು. ಓದಲು ಹೊರಟವನ ಹೆಸರು ಅಲ್ಲಿ ಇಲ್ಲ. ಆದ್ದರಿಂದ ಅವನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ವಾರಕ್ಕೆ 20 ಗಂಟೆ ಪುಸ್ತಕ ಜೋಡಿಸಿ ಗಳಿಸಿದ ಡಾಲರುಗಳು, ಮುಂದಿನ ಮಾರ್ಚ್ 31ರವರೆಗೆ, ದಾವಣಗೆರೆಯಲ್ಲಿ ವಾಸವಾಗಿರುವ ಪ್ರಜೆಯೊಬ್ಬನ ಸಂಪಾದನೆ.

ಆದರೆ ರಿಸರ್ವ್ ಬ್ಯಾಂಕು ಬೇರೆಯದೇ ದಾರಿ ಹಿಡಿದಿದೆ. ವ್ಯಾಸಂಗಕ್ಕಾಗಿ ಹೊರದೇಶಕ್ಕೆ ಹೋದ ವಿದ್ಯಾರ್ಥಿಗಳನ್ನು ಅನಿವಾಸಿಗಳೆಂದೇ ಪರಿಗಣಿಸಬೇಕೆಂದು ಅದು 2003ರ ಡಿಸೆಂಬರ್‌ನಲ್ಲೇ ಸುತ್ತೋಲೆ ಹೊರಡಿಸಿತ್ತು. ಹಾಗಾಗಿ ವಿದೇಶಿ ವಿನಿಮಯದ ಕಾನೂನಿನಲ್ಲಿ ಹುಡುಗ ಹೋಗಿಯಾಯಿತು, ಅವನ ಉಳಿತಾಯ ಖಾತೆ ಅನಿವಾಸಿಗಳಿಗೆಂದು ಇರುವ ಎನ್‌ಆರ್‌ಒ ಖಾತೆಯಾಗಬೇಕಾಯಿತು, ಅದರ ಬಡ್ಡಿಯಿಂದ ಬ್ಯಾಂಕು ಶೇ 30ರ ದರದಲ್ಲಿ ತೆರಿಗೆ ಮುರಿದುಕೊಳ್ಳತೊಡಗಿತು. ಒಂದೇ ಸರ್ಕಾರದ ಎರಡು ಕೈಗಳು. ಒಂದು ಅವನನ್ನು ಬೀಳ್ಕೊಟ್ಟಿತು, ಇನ್ನೊಂದು ಅವನ ಅಂಗಿಯ ಚುಂಗು ಹಿಡಿದುಕೊಂಡೇ ಇತ್ತು.

ನಿವಾಸಿ ಎಂದಾದ ಮೇಲೆ ನಿವಾಸಿಯ ಗೌರವಗಳೂ ಬರಬೇಕಲ್ಲ. ಆದಾಯ ತೆರಿಗೆಯ ಮಿತಿಯನ್ನೇ ಮುಟ್ಟದಿದ್ದರೂ ಹೊರದೇಶದಲ್ಲಿ ಖಾತೆಯಿರುವ ನಿವಾಸಿ ರಿಟರ್ನ್ಸ್ ಸಲ್ಲಿಸಲೇಬೇಕು, ಅದರ ವಿದೇಶಿ ಆಸ್ತಿಯ ಪಟ್ಟಿಯಲ್ಲಿ ಆ ಖಾತೆಯನ್ನು ತೋರಿಸಲೇಬೇಕು. ಕೊಠಡಿಯ ಬಾಡಿಗೆ ಕಟ್ಟಿದ ಮೇಲೆ ತಿಂಗಳ ಕೊನೆಗೆ ನೂರಿನ್ನೂರು ಡಾಲರ್ ಉಳಿಯುವ ಆ ಖಾತೆಯನ್ನು ಕಾಯಲು ನಿಂತಿರುವುದು 2015ರ ಕಪ್ಪುಹಣ ಕಾಯ್ದೆ, ಮುಚ್ಚಿಟ್ಟರೆ ವಿಧಿಸಬಹುದಾದ ದಂಡ 10 ಲಕ್ಷ ರೂಪಾಯಿ. ಸ್ವಿಸ್ ಬ್ಯಾಂಕಿನ ಕುಳಗಳಿಗೆಂದು ಬೀಸಿದ ಬಲೆಯಲ್ಲಿ ಇವನ ನೂಡಲ್ಸ್ ದುಡ್ಡು ಸಿಕ್ಕಿತು ಎಂದು ಗಾಬರಿಯಾಗುವುದು ಬೇಡ, ಖಾತೆಯ ಮೊತ್ತ 5 ಲಕ್ಷ ಮೀರದಿದ್ದರೆ ದಂಡವಿಲ್ಲ ಎಂಬ ಕರುಣೆಯೂ ಅಲ್ಲಿತ್ತು, 2024ರ ಅಕ್ಟೋಬರ್‌ನಿಂದ ಆ ಕರುಣೆ 20 ಲಕ್ಷಕ್ಕೆ ಏರಿದೆ. ಇನ್ನು, ರಿಟರ್ನ್ಸ್‌ನ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಅದೇ ರಿಟರ್ನ್ಸ್‌ನೊಳಗಿನ ವಿದೇಶಿ ಆಸ್ತಿಯ ಪಟ್ಟಿ ಮಾತ್ರ ಡಿಸೆಂಬರ್ 31ಕ್ಕೆ ಮುಗಿಯುವ ವರ್ಷಕ್ಕೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವುದನ್ನು ಒಂದೇ ನಮೂನೆಯಲ್ಲಿ ಸಾಧಿಸಿದವರಿಗೆ ಯಾರೂ ಇನ್ನೂ ಸನ್ಮಾನ ಮಾಡಿಲ್ಲ.

ಹುಡುಗ ನಿಜಕ್ಕೂ ಮಲಗಿ ಏಳುವ ದೇಶವಾದರೂ ಅವನನ್ನು ತನ್ನವನೆನ್ನುತ್ತದೆಯೇ ಎಂದರೆ, ಅದೂ ಇಲ್ಲ. ಎಫ್-1 ವೀಸಾದ ವಿದ್ಯಾರ್ಥಿಯ ಮೊದಲ ಐದು ಕ್ಯಾಲೆಂಡರ್ ವರ್ಷಗಳ ದಿನಗಳನ್ನು ಅಮೆರಿಕದ ತೆರಿಗೆ ಕಾನೂನು ಎಣಿಸುವುದೇ ಇಲ್ಲ. ಇದಕ್ಕಾಗಿ 8843 ಎಂಬ ನಮೂನೆಯಿದೆ. ತಾನು 2021ರಲ್ಲಿ ಅಮೆರಿಕದಲ್ಲಿ 144 ದಿನ ಇದ್ದೆ ಎಂದು ಒಂದು ಸಾಲಿನಲ್ಲಿ ಬರೆದು, ಆ ಪೈಕಿ 144 ದಿನಗಳನ್ನು ಲೆಕ್ಕದಿಂದ ಕೈಬಿಡಿ ಎಂದು ಮುಂದಿನ ಸಾಲಿನಲ್ಲಿ ಅವನೇ ಬರೆಯಬೇಕು. ಒಂದು ಸೆಂಟು ಸಂಪಾದಿಸದ ವಿದ್ಯಾರ್ಥಿಯೂ ಇದನ್ನು ಕಾಗದದ ಮೇಲೆ ತುಂಬಿ, ಸಹಿ ಮಾಡಿ, ಟೆಕ್ಸಾಸಿನದೇ ಆಸ್ಟಿನ್ ನಗರಕ್ಕೆ ಅಂಚೆಯಲ್ಲಿ ಕಳಿಸಬೇಕು. ಲಕೋಟೆಯ ಮೇಲೆ ಡಲ್ಲಾಸ್‌ನ ಅಂಚೆ ಮುದ್ರೆ, ಒಳಗೆ ತಾನು ಡಲ್ಲಾಸ್‌ನಲ್ಲಿ ಇದ್ದದ್ದು ಲೆಕ್ಕಕ್ಕಿಲ್ಲ ಎಂಬ ಹೇಳಿಕೆ. ಈ ಸ್ಥಿತಿಗೆ ವಿನಾಯಿತಿ ಪಡೆದವನು ಎಂದು ಹೆಸರು. ವಿನಾಯಿತಿ ಇರುವುದು ದಿನಗಳ ಎಣಿಕೆಗೆ, ಸಂಬಳದ ಮೇಲಿನ ತೆರಿಗೆಗೆ ಅಲ್ಲ.

ಹೀಗೆ ಎರಡು ದೇಶಗಳು ಒಬ್ಬನಿಗಾಗಿ ಜಗಳವಾಡಿದರೆ ಬಗೆಹರಿಸಲೆಂದೇ 1989ರಲ್ಲಿ ದೆಹಲಿಯಲ್ಲಿ ಸಹಿಯಾದ ತೆರಿಗೆ ಒಪ್ಪಂದವಿದೆ. ಅವನ ಶಾಶ್ವತ ಮನೆ ಎಲ್ಲಿದೆ, ಜೀವನದ ಮುಖ್ಯ ಸಂಬಂಧಗಳು ಎಲ್ಲಿವೆ ಎಂದು ಅದು ಸಾವಧಾನವಾಗಿ ವಿಚಾರಿಸುತ್ತದೆ. ಎರಡು ಕೋಣೆಗಳ ಮನೆಯಲ್ಲಿ ಐದು ಜನರ ನಡುವೆ ನೆಲದ ಮೇಲೆ ಹಾಸಿಗೆ ಹಾಸಿರುವವನು ಶಾಶ್ವತ ಮನೆಯ ಬಗ್ಗೆ ಏನು ಹೇಳುತ್ತಿದ್ದನೋ ಕೇಳುವ ಕುತೂಹಲ ನನಗೂ ಇತ್ತು. ಆದರೆ ಎರಡೂ ದೇಶಗಳು ಬೇಕು ಎಂದಾಗ ಮಾತ್ರ ಆ ವಿಚಾರಣೆ. ಇಲ್ಲಿ ಒಂದು ದೇಶ ಮೊದಲೇ ಬೇಡವೆಂದಿದೆ. ಎರಡನೇ ವರ್ಷ, ರಜೆಗೂ ಊರಿಗೆ ಬರಲು ದುಡ್ಡಿಲ್ಲದ ಕಾರಣ ಅವನು ಭಾರತದ ನಿವಾಸಿಯೂ ಅಲ್ಲವಾಗುತ್ತಾನೆ. ಭೂಮಿಯ ಮೇಲೆ ಎಲ್ಲೂ ವಾಸಿಸದೆ ಅವನು ಎರಡು ಸೆಮಿಸ್ಟರ್‌ಗಳನ್ನು ಪಾಸು ಮಾಡಿದ.

ಆರನೆಯ ಕ್ಯಾಲೆಂಡರ್ ವರ್ಷದಲ್ಲಿ ಅಮೆರಿಕಕ್ಕೆ ದಿಢೀರನೆ ಪ್ರೀತಿ ಉಕ್ಕುತ್ತದೆ. ಪದವಿಯ ನಂತರ ವಿದ್ಯಾರ್ಥಿ ವೀಸಾದ ಮೇಲೆಯೇ ಮಾಡಬಹುದಾದ ಒಪಿಟಿ ಎಂಬ ತಾತ್ಕಾಲಿಕ ಕೆಲಸದ ಮೂರನೇ ವರ್ಷದಲ್ಲಿ, ಅಂದರೆ 2026ರ ಜುಲೈ ಆರಂಭದಲ್ಲಿ, 183 ದಿನ ತುಂಬಿದೊಡನೆ ಅವನು ಜನವರಿ 1ರಿಂದಲೇ ಪೂರ್ವಾನ್ವಯವಾಗಿ ಅಲ್ಲಿನ ತೆರಿಗೆ ನಿವಾಸಿ, ಜಗತ್ತಿನ ಯಾವ ಮೂಲೆಯ ಆದಾಯಕ್ಕೂ ಅಲ್ಲಿ ಲೆಕ್ಕ ಒಪ್ಪಿಸಬೇಕು. ಅಮೆರಿಕದ ಹೊರಗಿನ ಖಾತೆಗಳಲ್ಲಿ ಒಟ್ಟು 10,000 ಡಾಲರ್ ಮೀರಿದರೆ ಆ ದೇಶದ ಖಜಾನೆ ಇಲಾಖೆಗೆ ಪ್ರತ್ಯೇಕ ವರದಿ, ಜಂಟಿ ಖಾತೆಯೂ ಅದರಲ್ಲಿ ಸೇರಿತು. ತಾಯಿ ಸೈಟು ಮಾರಿ ಮಗನ ಹೆಸರನ್ನೂ ಸೇರಿಸಿ ಇಟ್ಟ 12 ಲಕ್ಷದ ಠೇವಣಿಯ ಸಮಾಚಾರ ಹೀಗೆ ದಾವಣಗೆರೆಯ ಪಿ.ಜೆ. ಬಡಾವಣೆಯಿಂದ ವಾಷಿಂಗ್ಟನ್ನಿಗೆ ಹೋಗುತ್ತದೆ.

ಮಗನ ಹೆಸರು ತೆಗೆಸಿಬಿಡಿ ಅಮ್ಮಾ ಎಂದು ಆಡಿಟರ್ ಸಲಹೆ ಕೊಟ್ಟರು. ಅವನೇ ಖುದ್ದಾಗಿ ಬಂದು ಸಹಿ ಹಾಕಬೇಕು ಎಂದು ಬ್ಯಾಂಕಿನವರು ಹೇಳಿದರು. ಬಂದರೆ, ಐದು ವರ್ಷದ ವೀಸಾ ಮುದ್ರೆಯ ಅವಧಿ ಮುಗಿದಿರುವುದರಿಂದ, ತೆರಿಗೆಯ ಮಟ್ಟಿಗೆ ತಮ್ಮ ನಿವಾಸಿಯಾಗಿರುವ ಅವನನ್ನು ಅಮೆರಿಕದ ದೂತಾವಾಸದವರು ಮತ್ತೆ ಸಂದರ್ಶಿಸುತ್ತಾರೆ, ಅವನ ನಿಜವಾದ ಮನೆ ಭಾರತದಲ್ಲಿದೆ ಮತ್ತು ಅಲ್ಲಿಗೇ ಮರಳುತ್ತಾನೆ ಎಂಬುದಕ್ಕೆ ಪುರಾವೆ ಕೇಳುತ್ತಾರೆ. ಅದಕ್ಕೆ ತಾಯಿಯೊಂದಿಗಿನ ಜಂಟಿ ಠೇವಣಿಯ ರಸೀದಿ ಬಹಳ ಒಳ್ಳೆಯದು ಎಂದು ವೀಸಾ ಏಜೆಂಟರು ಹೇಳುತ್ತಾರೆ.