ಲೆಕ್ಕ ತಪ್ಪು ಅಂತ ಕೂಗಿದ ಓದುಗರು

"ಕಥೆ ಚೆನ್ನಾಗಿದೆ, ಆದ್ರೆ ವಿಜ್ಞಾನ ಜಾಸ್ತಿ ಆಯ್ತು, ಆ ಪುಟಗಳನ್ನು ಹಾರಿಸಿಬಿಟ್ಟೆ" ಅಂತ ವಿಜ್ಞಾನ ಕಾದಂಬರಿ ಓದಿ ಹೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕಾಗದ ಪೆನ್ನು ಹಿಡಿದು ಲೆಕ್ಕ ಹಾಕಿ "ಇದು ತಪ್ಪು" ಅನ್ನುವ ಓದುಗರನ್ನು ಕೊಂಕು ತೆಗೆಯುವವರು ಅಂತ ಬೈಯುತ್ತಾರಲ್ಲ, ಅದಕ್ಕೆ ನನ್ನ ತಕರಾರಿದೆ.

ಅಮೆರಿಕದ ಲೇಖಕ ಲ್ಯಾರಿ ನಿವೆನ್ ಅವರ ವಿಜ್ಞಾನ ಕಾದಂಬರಿ 'ರಿಂಗ್‌ವರ್ಲ್ಡ್' ಬಂದದ್ದು 1970ರಲ್ಲಿ. ನಕ್ಷತ್ರವೊಂದರ ಸುತ್ತ ಯಾರೋ ಕಟ್ಟಿದ ದೈತ್ಯ ಬಳೆ. ಅಗಲವೇ ಸುಮಾರು 16 ಲಕ್ಷ ಕಿಲೋಮೀಟರ್! ಸೆಕೆಂಡಿಗೆ 1,200 ಕಿಲೋಮೀಟರ್ ವೇಗದಲ್ಲಿ ತಿರುಗುತ್ತದೆ. ಹಾಗಾಗಿ ಒಳಮೈಯಲ್ಲಿ ನಿಂತವರಿಗೆ ಭೂಮಿಯ ಮೇಲಿದ್ದಷ್ಟೇ ತೂಕ. ವಿಜ್ಞಾನ ಕಥೆಗಳಿಗೆ ಕೊಡುವ ದೊಡ್ಡ ಪ್ರಶಸ್ತಿಗಳಾದ ಹ್ಯೂಗೋ, ನೆಬ್ಯುಲಾ ಎರಡೂ ಬಂದವು.

ಮರುವರ್ಷ ಬಾಸ್ಟನ್‌ನಲ್ಲಿ ವಿಶ್ವ ವಿಜ್ಞಾನ ಕಥಾ ಸಮ್ಮೇಳನ. ಅಲ್ಲಿನ ಹೆಸರಾಂತ ತಂತ್ರಜ್ಞಾನ ವಿದ್ಯಾಸಂಸ್ಥೆ ಎಂಐಟಿಯ ಹುಡುಗರು ಹೋಟೆಲಿನ ಕಾರಿಡಾರುಗಳಲ್ಲಿ "ರಿಂಗ್‌ವರ್ಲ್ಡ್ ಅಸ್ಥಿರ, ರಿಂಗ್‌ವರ್ಲ್ಡ್ ಅಸ್ಥಿರ" ಅಂತ ಘೋಷಣೆ ಕೂಗಿದರು. ಅವರ ಮಾತು ಸರಿಯೇ. ಬಳೆ ಒಂದು ಕಡೆಗೆ ಚೂರು ಸರಿದರೂ ನಕ್ಷತ್ರ ತನಗೆ ಹತ್ತಿರವಾದ ಬದಿಯನ್ನು ಜಾಸ್ತಿ ಎಳೆಯುತ್ತದೆ. ಸರಿದದ್ದು ಇನ್ನಷ್ಟು ಸರಿಯುತ್ತದೆ, ಕೊನೆಗೆ ಡಿಕ್ಕಿ. ಶನಿಯ ಬಳೆ ಒಂದೇ ಗಟ್ಟಿ ತುಂಡಾಗಿದ್ದರೆ ಉಳಿಯುತ್ತಿರಲಿಲ್ಲ ಅಂತ ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1859ರಲ್ಲೇ ತೋರಿಸಿದ್ದರು.

ಮೊದಲ ಮುದ್ರಣದಲ್ಲಿ ಇನ್ನೂ ತಮಾಷೆಯ ತಪ್ಪಿತ್ತು. ನಾಯಕ ತನ್ನ 200ನೇ ಹುಟ್ಟುಹಬ್ಬವನ್ನು ಲಂಬಿಸೋಕೆ ಊರಿಂದೂರಿಗೆ ಪೂರ್ವದ ಕಡೆಗೇ ಜಿಗಿಯುತ್ತಾನೆ. ಪೂರ್ವಕ್ಕೆ ಹೋದರೆ ನಡುರಾತ್ರಿ ಬೇಗ ಬರುತ್ತೆ, ಅಲ್ವಾ? ಮುಂದಿನ ಮುದ್ರಣಗಳಲ್ಲಿ ಅವನನ್ನು ಪಶ್ಚಿಮಕ್ಕೆ ತಿರುಗಿಸಿದರು.

ಪುಸ್ತಕ ಇಷ್ಟವಾಗದಿದ್ದರೆ ಯಾರು ಇಷ್ಟು ತಲೆ ಕೆಡಿಸಿಕೊಳ್ಳುತ್ತಾರೆ ಹೇಳಿ? ದೆವ್ವದ ಕಥೆಯ ದೆವ್ವಕ್ಕೆ ಯಾರೂ ತೂಕ ಕೇಳಲ್ಲ. ಇಲ್ಲಿ ಲೇಖಕರೇ ಅಳತೆ, ವೇಗ ಎಲ್ಲ ಮುಂದಿಟ್ಟು ಲೆಕ್ಕಕ್ಕೆ ಕರೆದಿದ್ದರು. ಓದುಗರು ಹೋದರು, ಅಷ್ಟೇ.

ನಿವೆನ್ ಮುನಿಸಿಕೊಳ್ಳಲಿಲ್ಲ ಅನ್ನೋದೇ ನನಗೆ ಇಷ್ಟ. ಸುಮ್ನೆ ಇನ್ನೊಂದು ಕಾದಂಬರಿ ಬರೆದರು, 'ದಿ ರಿಂಗ್‌ವರ್ಲ್ಡ್ ಎಂಜಿನಿಯರ್ಸ್'. ಬಳೆಯ ಅಂಚಿನ ಗೋಡೆಗಳ ಮೇಲೆ ಅದನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಜೆಟ್ ಎಂಜಿನ್‌ಗಳಿದ್ದವಂತೆ, ಅವುಗಳಲ್ಲಿ ಹೆಚ್ಚಿನವನ್ನು ಯಾರೋ ಕಿತ್ತುಕೊಂಡು ಹೋಗಿದ್ದಾರಂತೆ! ಹುಡುಗರು ಹಿಡಿದ ತಪ್ಪೇ ಹೊಸ ಕಥೆಯ ಕಂಟಕವಾಯಿತು. ಫ್ಲಾರಿಡಾದ ಒಂದು ಹೈಸ್ಕೂಲು ತರಗತಿ ಬೇರೆ, ಕೆಲವು ಸಾವಿರ ವರ್ಷಗಳಲ್ಲಿ ಅಲ್ಲಿನ ಮೇಲ್ಮಣ್ಣೆಲ್ಲ ಕೊಚ್ಚಿ ಸಮುದ್ರದ ತಳ ಸೇರುತ್ತದೆ ಅಂತ ಲೆಕ್ಕ ಹಾಕಿತ್ತು. ಅದಕ್ಕೂ ಪೈಪ್ ಹಾಕಿಸಿದರು ಪುಣ್ಯಾತ್ಮ: ತಳದ ಹೂಳನ್ನು ಎತ್ತಿ ಅಂಚಿನ ಗೋಡೆಯ ಮೇಲಿಂದ ಸುರಿದು ಬೆಟ್ಟ ಮಾಡುವ ಪೈಪ್‌ಗಳು.